ಪುಣೆಯಲ್ಲಿ ಕೆಎ ನಂಬರಿನ ಕಾರು ಮಾರಲು ಹೊರಟಾಗ

ಪುಣೆಯ ಶೋರೂಮಿನಲ್ಲಿ ನನ್ನ ಕಾರನ್ನು ಒಂದು ಸುತ್ತು ಹಾಕಿ ನೋಡಿದ ಹುಡುಗ ಬಾನೆಟ್ ಎತ್ತುವ ಮೊದಲೇ ಬೆಲೆ ಇಳಿಸಿದ. ಅವನ ಕಣ್ಣು ಇದ್ದದ್ದು ನಂಬರ್ ಪ್ಲೇಟಿನ ಮೇಲೆ. ‘ಕೆಎ ಗಾಡಿ ಹೈ ಸರ್’ ಎಂದು, ಕಾಯಿಲೆಯ ಹೆಸರು ಹೇಳುವ ಡಾಕ್ಟರರ ಹಾಗೆ ಮುಖ ಮಾಡಿದ.

ಕಾರು 2017ರ ಸ್ವಿಫ್ಟ್, ಪೆಟ್ರೋಲ್. ಬೆಂಗಳೂರಿನಲ್ಲಿ ಕೊಂಡದ್ದು, ಕೆಎ-05. ಓಡಿದ್ದು 61 ಸಾವಿರ ಕಿ.ಮೀ. ಕಳೆದ ಡಿಸೆಂಬರ್‌ನಲ್ಲಿ ಕಂಪನಿ ನನ್ನನ್ನು ಪುಣೆಗೆ ಕಳಿಸಿದಾಗ ಕಾರೂ ಜೊತೆಗೆ ಬಂತು. ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಪ್ರಕಾರ ಒಂದು ರಾಜ್ಯದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿಯ ನಂಬರ್ ಪಡೆಯಬೇಕು. ಈ ಡಿಸೆಂಬರ್ ಬರುವುದರೊಳಗೆ ನಾನು ಒಂದು ತೀರ್ಮಾನಕ್ಕೆ ಬರಬೇಕಿತ್ತು. ಮಗಳು ಹುಟ್ಟಿದ ಮೇಲೆ ಸ್ವಲ್ಪ ದೊಡ್ಡ ಕಾರು ಬೇಕೆಂಬ ಮಾತೂ ಮನೆಯಲ್ಲಿ ನಡೆದಿತ್ತು. ಎಂಟು ವರ್ಷದ ಕಾರಿಗೆ ಮತ್ತೆ ಮಹಾರಾಷ್ಟ್ರದಲ್ಲಿ ತೆರಿಗೆ ಕಟ್ಟಿ, ಕರ್ನಾಟಕದಲ್ಲಿ ಕಟ್ಟಿದ ಆಜೀವ ತೆರಿಗೆಯ ಉಳಿದ ಭಾಗ ವಾಪಸ್ ಕೇಳಿಕೊಂಡು ಬೆಂಗಳೂರಿನ ಕಚೇರಿಗೆ ಅಲೆಯುವ ಬದಲು ಮಾರುವುದೇ ಸರಿ ಅನ್ನಿಸಿತು. ಉಳಿದದ್ದು ಒಂದೇ ಪ್ರಶ್ನೆ: ಹೊಸ ಕಾರಿಗೆ ಎಕ್ಸ್‌ಚೇಂಜ್ ಕೊಡುವುದೋ, ನಾನೇ ಗಿರಾಕಿ ಹುಡುಕುವುದೋ?

ಇಲ್ಲಿ ನನ್ನದೊಂದು ಹಳೆಯ ಗಾಯವಿದೆ. ಅದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

2013ರಲ್ಲಿ ಸುರತ್ಕಲ್‌ನಲ್ಲಿ ಎಂ.ಟೆಕ್ ಮುಗಿಸಿ ಹೊರಡುವಾಗ ನನ್ನ ಹಳೆಯ ಬೈಕನ್ನು ಹಾಸ್ಟೆಲಿನ ಜೂನಿಯರ್ ಒಬ್ಬನಿಗೆ 18 ಸಾವಿರಕ್ಕೆ ಮಾರಿದ್ದೆ. ಫಾರ್ಮ್ 29, 30ಕ್ಕೆ ಸಹಿ ಹಾಕಿ, ಆರ್‌ಸಿ ಕೈಗಿಟ್ಟು, ಇಬ್ಬರೂ ಚಹಾ ಕುಡಿದು ಬಂದೆವು. ಹೆಸರು ಬದಲಾಯಿಸಿಕೊಳ್ಳುವುದು ಅವನ ಕೆಲಸ ಅಂದುಕೊಂಡೆ. ಅವನು ಬದಲಾಯಿಸಲಿಲ್ಲ, ಇನ್ನೊಬ್ಬನಿಗೆ ಮಾರಿದ. ಆ ಇನ್ನೊಬ್ಬ ಮತ್ತೊಬ್ಬನಿಗೆ. 2019ರಲ್ಲಿ ಶಿವಮೊಗ್ಗದ ನಮ್ಮ ಮನೆಗೆ ಮಂಗಳೂರಿನಿಂದ ನೋಟಿಸ್ ಬಂತು. ಆ ಬೈಕು ಒಬ್ಬ ಪೇಂಟರ್‌ಗೆ ಗುದ್ದಿ ಅವರ ಕಾಲು ಮುರಿದಿತ್ತು. ಬೈಕಿಗೆ ವಿಮೆ ಇರಲಿಲ್ಲ. ದಾಖಲೆಯಲ್ಲಿ ಮಾಲೀಕ ನಾನೇ.

ನಾನಾಗ ಪ್ರಾಜೆಕ್ಟ್ ಮೇಲೆ ಹೊರದೇಶದಲ್ಲಿದ್ದೆ. ನಿವೃತ್ತರಾಗಿದ್ದ ಅಪ್ಪ ಆಗುಂಬೆ ಘಾಟಿ ಇಳಿದು ಮಂಗಳೂರಿನ ನ್ಯಾಯಾಲಯಕ್ಕೆ ಎಷ್ಟು ಸಲ ಹೋಗಿ ಬಂದರೋ, ಅವರು ಲೆಕ್ಕ ಹೇಳಿಲ್ಲ, ನಾನು ಕೇಳುವ ಧೈರ್ಯ ಮಾಡಿಲ್ಲ. ‘ಆರು ವರ್ಷದ ಹಿಂದೆಯೇ ಮಾರಿದ್ದೇವೆ’ ಎಂಬ ಮಾತು ಅಲ್ಲಿ ನಡೆಯಲಿಲ್ಲ. ನಮ್ಮ ವಕೀಲರು 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನು ತೋರಿಸಿದರು. ಅದರಲ್ಲಿಯೂ ಕಾರೊಂದು ಕೈಯಿಂದ ಕೈಗೆ ದಾಟಿತ್ತು, ಹೆಸರು ಬದಲಾಗಿರಲಿಲ್ಲ. ಅಪಘಾತದ ದಿನ ನೋಂದಣಿಯಲ್ಲಿ ಯಾರ ಹೆಸರಿದೆಯೋ ಪರಿಹಾರದ ಮಟ್ಟಿಗೆ ಅವರೇ ಮಾಲೀಕರು ಎಂದಿತ್ತು ಕೋರ್ಟ್. ಕೊನೆಗೆ 1.40 ಲಕ್ಷಕ್ಕೆ ರಾಜಿಯಾಯಿತು. ಆ ಪೇಂಟರ್‌ಗೆ ಹಣ ಕೊಟ್ಟದ್ದಕ್ಕೆ ನನಗೆ ಬೇಸರವಿಲ್ಲ, ಆರು ತಿಂಗಳು ಅವರಿಗೆ ಕೆಲಸವಿರಲಿಲ್ಲ. ಬೇಸರ ಇರುವುದು ಆ ಚಹಾದ ಬಗ್ಗೆ.

ಹಾಗಾಗಿ ಈ ಸಲ ಬೆಲೆಗಿಂತ ಮೊದಲು ಹೆಸರು ಅಂತ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೇ ಹೊರಟೆ.

ಎಕ್ಸ್‌ಚೇಂಜ್‌ನ ಅನುಕೂಲ ಕಣ್ಣಿಗೆ ಕಾಣುವಂಥದ್ದು. ಹಳೆ ಕಾರು ಕೊಟ್ಟು ಹೊಸದರಲ್ಲಿ ಮನೆಗೆ ಬರಬಹುದು, ಅಪರಿಚಿತರ ಫೋನ್ ಇಲ್ಲ, ಸೊಸೈಟಿಯಲ್ಲಿ ಎರಡನೇ ಪಾರ್ಕಿಂಗ್‌ಗಾಗಿ ಸೆಕ್ರೆಟರಿಯ ಮುಂದೆ ಕೈಕಟ್ಟಿ ನಿಲ್ಲಬೇಕಿಲ್ಲ. ಆಗಸ್ಟ್‌ನಲ್ಲಿ ಫೋನಿನಲ್ಲಿ ಕೇಳಿದಾಗ ಶೋರೂಮಿನವರು 3.40 ಲಕ್ಷ ಎಂದಿದ್ದರು. ಸೆಪ್ಟೆಂಬರ್‌ನಲ್ಲಿ ಕಾರು ತೆಗೆದುಕೊಂಡು ಹೋಗುವಷ್ಟರಲ್ಲಿ ಅದು 3.10ಕ್ಕೆ ಇಳಿದಿತ್ತು. ನಡುವೆ ಆದದ್ದು ಜಿಎಸ್‌ಟಿ ಕಡಿತ. ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ತೆರಿಗೆ ಸೆಸ್ ಸೇರಿ ಶೇ 29ರಿಂದ 18ಕ್ಕೆ ಇಳಿಯಿತಲ್ಲ, ಹೊಸ ಸ್ವಿಫ್ಟ್ ಅಗ್ಗವಾದರೆ ಹಳೆಯ ಸ್ವಿಫ್ಟ್ ತನ್ನ ಹಳೆ ಬೆಲೆಯಲ್ಲಿ ನಿಲ್ಲುವುದು ಹೇಗೆ? ಹೊಸ ಕಾರು ಕೊಳ್ಳುವವನಾಗಿ ನಾನು ಖುಷಿಪಟ್ಟ ಸುದ್ದಿಗೆ ಹಳೆ ಕಾರು ಮಾರುವವನಾಗಿ ತೆರಿಗೆ ಕಟ್ಟಿದೆ ಅನ್ನಿ. 3.10ರ ಮೇಲೆ 20 ಸಾವಿರ ಎಕ್ಸ್‌ಚೇಂಜ್ ಬೋನಸ್. ಒಟ್ಟು 3.30.

ಆನ್‌ಲೈನ್‌ನಲ್ಲಿ ಕಾರು ಕೊಳ್ಳುವ ಕಂಪನಿಯೊಂದರ ಆ್ಯಪ್‌ನಲ್ಲಿ 3.62 ಎಂದು ತೋರಿಸಿತು. ಮನೆಗೆ ಬಂದು ಪರಿಶೀಲಿಸಿದ ಮೇಲೆ 3.28. ಎಡಬಾಗಿಲಿನ ಒಂದು ಗೀರಿಗೆ ಅಷ್ಟು ಕಿಮ್ಮತ್ತು ಇದೆಯೆಂದು ನನಗೆ ಗೊತ್ತಿರಲಿಲ್ಲ.

ಶೋರೂಮಿನ ಹುಡುಗನಿಗೆ ನಾನು ಎರಡು ಪ್ರಶ್ನೆ ಕೇಳಿದೆ. ಮೊದಲನೆಯದು, ಕಾರು ನಿಮ್ಮ ಕೈಗೆ ಬಂದ ಮೇಲೆ ಆರ್‌ಸಿಯಲ್ಲಿ ನನ್ನ ಹೆಸರು ಎಷ್ಟು ದಿನ ಇರುತ್ತದೆ? ‘ಗಿರಾಕಿ ಸಿಗೋವರೆಗೆ’ ಎಂದ. ಸತ್ಯವಂತ. ಸಹಿ ಮಾಡಿದ ಖಾಲಿ ಫಾರ್ಮುಗಳನ್ನು ಇಟ್ಟುಕೊಂಡು, ಸಿಕ್ಕ ಗಿರಾಕಿಯ ಹೆಸರಿಗೆ ನೇರ ವರ್ಗಾಯಿಸುವುದು ಈ ವ್ಯಾಪಾರದ ಹಳೆಯ ರೂಢಿ. ಅದನ್ನು ಸರಿಪಡಿಸಲೆಂದೇ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ನಿಯಮ ತಿದ್ದಿ, 2023ರ ಏಪ್ರಿಲ್ 1ರಿಂದ ಜಾರಿಗೆ ತಂದಿದೆ. ನೋಂದಣಿ ಪ್ರಾಧಿಕಾರದಿಂದ ಅಧಿಕಾರಪತ್ರ ಪಡೆದ ಡೀಲರ್‌ಗೆ ವಾಹನ ಒಪ್ಪಿಸಿ, ಅದನ್ನು ಪೋರ್ಟಲ್‌ನಲ್ಲಿ ತಿಳಿಸಿದರೆ ಅಲ್ಲಿಂದ ಮುಂದೆ ಆ ಡೀಲರನೇ ಮಾಲೀಕ ಎಂದು ಪರಿಗಣಿಸಲಾಗುತ್ತದೆ. ‘ನಿಮ್ಮ ಬಳಿ ಆ ಅಧಿಕಾರಪತ್ರ ಇದೆಯಾ?’ ಎಂದರೆ ಹುಡುಗ ಮ್ಯಾನೇಜರ್ ಕಡೆ ನೋಡಿದ, ಮ್ಯಾನೇಜರ್ ಕ್ಯಾಲೆಂಡರ್ ಕಡೆ. ಎಕ್ಸ್‌ಚೇಂಜ್ ಕೊಡುವ ಯಾರೇ ಆಗಲಿ, ಬೆಲೆ ಚೌಕಾಸಿಗೆ ಮೊದಲು ಈ ಪ್ರಶ್ನೆ ಕೇಳಬೇಕು ಅಂತ ನನ್ನ ಅಭಿಪ್ರಾಯ.

ಎರಡನೆಯದು, ಈ ಕೆಎ ಕಾರುಗಳನ್ನು ನೀವು ಏನು ಮಾಡುತ್ತೀರಿ? ಅವನು ನಕ್ಕು, ‘ಬೆಳಗಾವಿ, ಹುಬ್ಬಳ್ಳಿ ಕಡೆ ಹೋಗುತ್ತವೆ’ ಎಂದ.

ಅಲ್ಲಿಗೆ ನನ್ನ ಲೆಕ್ಕ ತಿರುಗಿತು. ಪುಣೆಯ ಗಿರಾಕಿಗೆ ನನ್ನ ಕಾರು ದುಬಾರಿ. ಕರ್ನಾಟಕದಿಂದ ಎನ್‌ಒಸಿ ತರಬೇಕು, ಅದಕ್ಕೆ ಫಾರ್ಮ್ 28, ಇಲ್ಲಿ ತೆರಿಗೆ, ಹೊಸ ನಂಬರ್. ಆ ಖರ್ಚು, ರಗಳೆ ಎರಡನ್ನೂ ಅವನು ನನ್ನ ಬೆಲೆಯಿಂದಲೇ ಕಳೆಯುತ್ತಾನೆ. ನಾನು ಹಾಕಿದ ಜಾಹೀರಾತಿಗೆ ಪುಣೆಯಲ್ಲಿ ಬಂದ ಅತಿ ಹೆಚ್ಚಿನ ಮಾತು 3.45. ಅದೇ ಕಾರು ಬೆಳಗಾವಿಯಲ್ಲಿ ಬರೀ ಕಾರು. ರಾಜ್ಯದೊಳಗಿನ ಮಾರಾಟವಾದ್ದರಿಂದ ಅಂತರರಾಜ್ಯ ಎನ್‌ಒಸಿ ಬೇಡ, ಮತ್ತೆ ಆಜೀವ ತೆರಿಗೆ ಬೇಡ, ನಂಬರೂ ಅದೇ. ಶೋರೂಮಿನವರ ಲಾಭ ಇರುವುದು ಪುಣೆ–ಬೆಳಗಾವಿ ನಡುವಿನ ಸುಮಾರು 340 ಕಿ.ಮೀ.ನಲ್ಲಿ. ಆ ದಾರಿಯಲ್ಲಿ ನಾನು ಹಬ್ಬಕ್ಕೆಂದು ಹೇಗೂ ಹೋಗುವವನೇ.

ಹುಬ್ಬಳ್ಳಿಯ ಭಾವನಿಗೆ ಫೋಟೊ ಕಳಿಸಿದೆ, ಜಾಹೀರಾತಿನಲ್ಲಿ ಊರು ಬೆಳಗಾವಿ ಎಂದು ಬದಲಿಸಿದೆ. ಮೂರು ವಾರದಲ್ಲಿ 46 ಫೋನು. ಅದರಲ್ಲಿ ಅರ್ಧ ಜನ ದಲ್ಲಾಳಿಗಳು; ‘ಲಾಸ್ಟ್ ಎಷ್ಟು?’ ಎಂಬುದೇ ಅವರ ನಮಸ್ಕಾರ. ಒಬ್ಬರು ಮಾತ್ರ ಸರ್ವಿಸ್ ದಾಖಲೆ ಕೇಳಿದರು. ಬೆಳಗಾವಿ ಪಕ್ಕದ ಪ್ರೌಢಶಾಲೆಯೊಂದರ ಶಿಕ್ಷಕರು. ಫೋನಿನಲ್ಲೇ 3.95ಕ್ಕೆ ಮಾತು ನಿಂತಿತು, ಕಾರು ನೋಡಿ ಮೆಚ್ಚಿದರೆ ಎಂಬ ಷರತ್ತಿನ ಮೇಲೆ.

ಆಗ ಎದುರಾದದ್ದು ನನ್ನದೇ ಆಲಸ್ಯ. ಕಾರಿನ ಸಾಲ 2022ರಲ್ಲೇ ತೀರಿತ್ತು. ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಕೂತಿತ್ತು. ಕಂತು ಮುಗಿದರೆ ಅದು ತಾನಾಗಿ ಹೋಗುವುದಿಲ್ಲ. ಬ್ಯಾಂಕಿನ ಪತ್ರ, ಫಾರ್ಮ್ 35 ಎರಡೂ ಸಲ್ಲಿಸಿ ತೆಗೆಸಬೇಕು. ಆಗ ಕೊಟ್ಟಿದ್ದ ಪತ್ರದ ಅವಧಿ ಮುಗಿದಿತ್ತು. ಹೊಸ ಪತ್ರಕ್ಕೆ ಹನ್ನೆರಡು ದಿನ ಹೋಯಿತು. ಸಾಲ ತೀರಿಸಿದವರು ಈಗಲೇ ಒಮ್ಮೆ ಎಂ-ಪರಿವಾಹನ್ ತೆರೆದು ನೋಡಿಕೊಳ್ಳಿ, ಮಾರುವ ಯೋಚನೆ ಇಲ್ಲದಿದ್ದರೂ.

ದೀಪಾವಳಿಗೆ ಶಿವಮೊಗ್ಗಕ್ಕೆ ಹೊರಟವನು ಅಕ್ಟೋಬರ್ 18ರ ಶನಿವಾರ ಬೆಳಗಾವಿಯಲ್ಲಿ ನಿಂತೆ. ಮೇಷ್ಟ್ರು ಪರಿಚಯದ ಮೆಕ್ಯಾನಿಕ್ ಕರೆತಂದಿದ್ದರು. ಅವನು ಅರ್ಧ ಗಂಟೆ ಕಾರಿನ ಕೆಳಗೆ ಮಲಗಿ ಎದ್ದು ತಲೆಯಾಡಿಸಿದ. ಅಷ್ಟರಲ್ಲಿ ಮೇಷ್ಟ್ರು, ‘ಸರ, ಇವತ್ತ ಧನತೇರಸ್. ಗಾಡಿ ಇವತ್ತ ಮನಿಗೆ ಬರಬೇಕಂತ ನಮ್ಮ ಮನಿಯಾಕಿ ಹಟ ಹಿಡದಾಳ್ರಿ. ರೊಕ್ಕ ಪೂರಾ ಈಗ ಹಾಕ್ತೀನಿ, ಕೀಲಿ ಕೊಟ್ಟಬಿಡ್ರಿ’ ಅಂದರು.

3.95 ಲಕ್ಷ ಅಲ್ಲೇ ಖಾತೆಗೆ ಬೀಳುತ್ತಿತ್ತು. ಮನುಷ್ಯ ಒಳ್ಳೆಯವರು ಎಂಬುದರಲ್ಲಿ ಅನುಮಾನವಿರಲಿಲ್ಲ. ಆದರೆ ಆ ಜೂನಿಯರ್ ಹುಡುಗನೂ ಕೆಟ್ಟವನೇನಲ್ಲ. ಮೇಷ್ಟ್ರಿಗೆ ಸುರತ್ಕಲ್ಲಿನ ಬೈಕಿನ ಕತೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮ ಕಾಕಾನೂ ಹಿಂಗ ಟ್ರ್ಯಾಕ್ಟರ್ ಮಾರಿ ಕೋರ್ಟಿಗೆ ಅಡ್ಡಾಡ್ಯಾನ್ರಿ’ ಎಂದರು. ಕಡೆಗೆ ಕಾರು ಅವರ ಮನೆ ಮುಂದೆ ಹೋಯಿತು, ಅಕ್ಕಾವ್ರು ಪೂಜೆ ಮಾಡಿದರು, ನಿಂಬೆಹಣ್ಣು ಚಕ್ರಕ್ಕೆ ಸಿಕ್ಕಿತು. 25 ಸಾವಿರ ಮುಂಗಡ ಬ್ಯಾಂಕಿನ ಮೂಲಕ ಬಂತು, ಸ್ಟಾಂಪ್ ಪೇಪರ್ ಮೇಲೆ ಕರಾರು ಆಯಿತು. ಪೂಜೆಯಾದ ಅವರ ಕಾರನ್ನು ನಾನು ಓಡಿಸಿಕೊಂಡು ಹಬ್ಬಕ್ಕೆ ಹೋದೆ. ಇಂಥ ವಿಚಿತ್ರ ಡೆಲಿವರಿ ಯಾವ ಶೋರೂಮಿನಲ್ಲೂ ಆಗಿರಲಾರದು.

ಹಬ್ಬ ಮುಗಿಸಿ ವಾಪಸಾಗುವಾಗ, 24ರ ಶುಕ್ರವಾರ, ಇಬ್ಬರೂ ಸೇರಿ ಬ್ಯಾಂಕಿನ ಹೆಸರು ತೆಗೆಯುವ, ಮಾಲೀಕತ್ವ ಬದಲಿಸುವ ಅರ್ಜಿಗಳನ್ನು ಬೆಳಗಾವಿ ಆರ್‌ಟಿಒಗೆ ಸಲ್ಲಿಸಿದೆವು. ಕಾಯ್ದೆಯಲ್ಲಿ ಮಾರಿದವನಿಗೆ 14 ದಿನ, ಕೊಂಡವನಿಗೆ 30 ದಿನದ ಗಡುವಿದೆ. ಕೊಂಡವನು ಬೇರೆ ರಾಜ್ಯದವನಾದರೆ ಮಾರಿದವನಿಗೆ 45 ದಿನ. ಒಟ್ಟಿಗೆ ಹೋದರೆ ಈ ಎಣಿಕೆಯೇ ಬೇಡ. ಹೆಸರು ಬದಲಾದ ಮೇಲೆ ಹಣ ಬರದಿದ್ದರೆ ಎಂಬ ಭಯ ನನ್ನದು, ಹಣ ಕೊಟ್ಟ ಮೇಲೆ ಕಾರು ಬರದಿದ್ದರೆ ಎಂಬುದು ಅವರದು. ಅರ್ಜಿಯ ದಿನ ಅರ್ಧ, ಉಳಿದದ್ದು ಕೀಲಿ ಕೊಡುವ ದಿನ ಎಂದು ಮಾಡಿಕೊಂಡೆವು. ಮೂರು ವಾರ ಅವರ ಕಾರು ಪುಣೆಯಲ್ಲಿ ಕವರ್ ಹೊದ್ದು ನಿಂತಿತ್ತು, ಸೆಕ್ರೆಟರಿಯ ಕೃಪೆಯಿಂದ.

ನಡುವೆ ವಿಮಾ ಕಂಪನಿಗೆ ಬರೆದು ನೋ ಕ್ಲೇಮ್ ಬೋನಸ್‌ನ ಪತ್ರ ತರಿಸಿಕೊಂಡೆ. ಆ ಬೋನಸ್ ಕಾರಿನದಲ್ಲ, ಮಾಲೀಕನದು. ಸತತ ಐದು ವರ್ಷ ಕ್ಲೇಮ್ ಮಾಡದಿದ್ದರೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ 50 ಕಡಿತ, ಮೂರು ವರ್ಷದೊಳಗೆ ಹೊಸ ಕಾರಿಗೆ ಬಳಸಬಹುದು. ನನಗೆ ಸುಮಾರು 8 ಸಾವಿರ ಉಳಿಯಿತು. ಎಕ್ಸ್‌ಚೇಂಜ್ ಕೊಟ್ಟರೂ ಇದು ಸಿಗುತ್ತದೆ, ಆದರೆ ನಾನು ಹೋದ ಶೋರೂಮಿನಲ್ಲಿ ಇದರ ಮಾತೇ ಬರಲಿಲ್ಲ.

ಲೆಕ್ಕ ಇಷ್ಟು. 3.95ರಲ್ಲಿ ಪೆಟ್ರೋಲ್, ಟೋಲ್, ಪಾಲಿಶ್, ಜಾಹೀರಾತು, ಕಾಗದಪತ್ರ ಎಲ್ಲ ಸೇರಿ 13 ಸಾವಿರ ಕಳೆದು 3.82. ಎಕ್ಸ್‌ಚೇಂಜ್‌ಗಿಂತ 52 ಸಾವಿರ ಹೆಚ್ಚು. ಇದನ್ನು ಲಾಭ ಎನ್ನಲು ನನಗೆ ಮನಸ್ಸಿಲ್ಲ. ಒಂಬತ್ತು ವಾರ, ಮೂರು ರಜೆ, 46 ಫೋನಿನ ಕೂಲಿ ಅದು. ಕಾರಿಗೆ ಎಂಎಚ್ ನಂಬರ್ ಇದ್ದಿದ್ದರೆ, ಅಧಿಕಾರಪತ್ರ ಇರುವ ಡೀಲರ್ ಸಿಕ್ಕಿದ್ದರೆ ಎಕ್ಸ್‌ಚೇಂಜ್ ಕೊಟ್ಟು ಸುಮ್ಮನಿರುತ್ತಿದ್ದೆ. ಹೈದರಾಬಾದ್‌ನಲ್ಲಿರುವವರಿಗೆ ರಾಯಚೂರು, ಕಲಬುರಗಿ ಹತ್ತಿರ. ಚೆನ್ನೈನವರಿಗೆ ಕೋಲಾರ, ಬೆಂಗಳೂರು. ಅವರಿಗೆ ನನ್ನ ದಾರಿ ಒಗ್ಗೀತು. ದೆಹಲಿಯ ಗೆಳೆಯನೊಬ್ಬ ಕೇಳಿದಾಗ ಮಾತ್ರ ಬೇಡ ಮಾರಾಯ, ಕಡಿಮೆಗೆ ಕೊಟ್ಟುಬಿಡು ಎಂದೆ.

ನವೆಂಬರ್ 15ರಂದು ಬೆಳಗಾವಿಗೆ ಹೋಗಿ ಕೀಲಿ ಕೊಟ್ಟೆ. ಗಾಜಿನ ಮೇಲಿನ ಫಾಸ್ಟ್ಯಾಗ್ ಕೆರೆದು ತೆಗೆದು ಅಲ್ಲೇ ನಿಂತು ಖಾತೆ ಮುಚ್ಚಿಸಿದೆ. ಇಲ್ಲದಿದ್ದರೆ ಮೇಷ್ಟ್ರ ಟೋಲ್ ನನ್ನ ಜೇಬಿನಿಂದ ಹೋಗುತ್ತಿತ್ತು. ವಿಮೆಯ ಹೆಸರನ್ನು 14 ದಿನದೊಳಗೆ ಬದಲಿಸಿಕೊಳ್ಳಿ ಎಂದು ಅವರಿಗೆ ಎರಡು ಸಲ ಹೇಳಿದೆ. ಅಕ್ಕಾವ್ರು ಕುಂದಾದ ಡಬ್ಬಿ ಕೊಟ್ಟರು. ರಾತ್ರಿ ಪುಣೆ ಬಸ್ಸಿನಲ್ಲಿ ಕೂತು ಅಪ್ಪನಿಗೆ ಫೋನ್ ಮಾಡಿ ‘ಕಾರು ಕೊಟ್ಟೆ’ ಎಂದೆ. ಎಷ್ಟಕ್ಕೆ ಎಂದು ಅವರು ಕೇಳಲಿಲ್ಲ.

‘ಹೆಸರು ಬದಲಾಗಿದೆಯಾ?’

‘ಆಗಿದೆ ಅಪ್ಪ.’

‘ಫೋಟೊ ಕಳಿಸು, ನೋಡ್ತೀನಿ.’