ಘಟ್ಟದ ಹೊಳೆಯ ಪುಟ್ಟ ಬೇಟೆಗಾರ

ಅಕ್ವೇರಿಯಂ ಅಂಗಡಿಗಳಲ್ಲಿ ಗಪ್ಪಿ, ಮಾಲಿಗಳ ಪಕ್ಕದಲ್ಲೇ ಮಾರಾಟಕ್ಕಿರುವ ಪೀ ಪಫರ್ ಯಾವುದೋ ದೂರದೇಶದ ಮೀನು ಎಂದೇ ಬಹಳ ಜನ ತಿಳಿದಿದ್ದಾರೆ. ಅದರ ತವರು ನಮ್ಮ ಪಶ್ಚಿಮ ಘಟ್ಟ. ಕೇರಳದ ನದಿಗಳಲ್ಲಿ, ಕರ್ನಾಟಕದ ದಕ್ಷಿಣ ಭಾಗದಲ್ಲಿ ಅದರ ವಾಸ. ಪಂಪಾ ನದಿಯಲ್ಲಿ ಸಿಕ್ಕ ಮೀನನ್ನು ಸುಂದರ್ ಲಾಲ್ ಹೋರಾ ಮತ್ತು ಕೆ. ಕೆ. ನಾಯರ್ 1941ರಲ್ಲಿ ಮೊದಲು ವಿವರಿಸಿದರು. ಶಾಸ್ತ್ರೀಯ ಹೆಸರು ಕ್ಯಾರಿನೋಟೆಟ್ರಾಡಾನ್ ಟ್ರಾವಂಕೋರಿಕಸ್. ಬೆಳೆದ ಮೀನಿನ ಉದ್ದ ಸುಮಾರು 2.5 ಸೆಂ.ಮೀ. ಪಫರ್ ಜಾತಿಯ ಹೆಚ್ಚಿನ ಮೀನುಗಳು ಕಡಲಿನವು. ಇದು ಹುಟ್ಟಿನಿಂದ ಕೊನೆಯವರೆಗೂ ಸಿಹಿನೀರಿನದು. ತೊಟ್ಟಿಗೆ ಉಪ್ಪು ಹಾಕಬೇಕೆಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ.

ಈ ಮೀನನ್ನು ಸಾಕುವವರಿಗೆ ಇದು ಬಿಡಲಾಗದ ಗೀಳಾಗುವುದಕ್ಕೆ ಕಾರಣ ಅದರ ಬೇಟೆ. ತೊಟ್ಟಿಗೆ ಒಂದು ಚಿಕ್ಕ ಬಸವನಹುಳು ಬಿಟ್ಟು ನೋಡಿ. ಬೆನ್ನಿನ ಮತ್ತು ಎದೆಯ ಪಕ್ಕದ ಪುಟ್ಟ ರೆಕ್ಕೆಗಳನ್ನು ಬಡಿಯುತ್ತಾ ಪಫರ್ ಅದರ ಎದುರು ಬಂದು ನಿಂತಲ್ಲೇ ನಿಲ್ಲುತ್ತದೆ. ಒಂದು ಕಣ್ಣು ಹುಳುವಿನ ಮೇಲೆ, ಇನ್ನೊಂದು ಬೇರೆಲ್ಲೋ. ಎರಡನ್ನೂ ಬೇರೆ ಬೇರೆಯಾಗಿ ತಿರುಗಿಸಬಲ್ಲದು. ಬಾಲ ನಿಧಾನಕ್ಕೆ ಪಕ್ಕಕ್ಕೆ ಮಡಚಿಕೊಳ್ಳುತ್ತದೆ. ಹುಳು ಚಿಪ್ಪಿನಿಂದ ಮೈ ಹೊರಚಾಚಿದ ಕ್ಷಣಕ್ಕೆ ಒಂದೇ ನೆಗೆತ. ಕೊಕ್ಕಿನಂತೆ ಕೂಡಿಕೊಂಡ ನಾಲ್ಕು ಹಲ್ಲುಗಳ ಕೆಲಸ ಅಲ್ಲಿಗೆ ಮುಗಿಯಿತು. ಖಾಲಿ ಚಿಪ್ಪು ಮರಳಿಗೆ ಬೀಳುತ್ತದೆ.

ಇಂಥ ಮೀನಿಗೆ ಡಬ್ಬಿಯ ಒಣ ಆಹಾರ ರುಚಿಸುವುದಿಲ್ಲ. ಎದುರಿಗೆ ಬಿದ್ದಿದ್ದರೂ ತಿರುಗಿ ನೋಡದೆ ಉಪವಾಸ ಬೀಳುವುದೇ ಹೆಚ್ಚು. ಬಸವನಹುಳು, ಡಾಫ್ನಿಯಾ, ಬ್ಲಡ್‌ವರ್ಮ್, ಸೊಳ್ಳೆಮರಿ ಬೇಕು. ಬಸವನಹುಳುಗಳಿಗಾಗಿ ಪಕ್ಕದಲ್ಲೊಂದು ಡಬ್ಬ ಇಟ್ಟು, ಬೇಯಿಸಿದ ಸೌತೆಕಾಯಿ ಹೋಳು ಹಾಕುತ್ತಿದ್ದರೆ ಅವು ತಾವಾಗಿ ಹೆಚ್ಚುತ್ತವೆ. ಹೊಳೆಯಿಂದ ಹಿಡಿದು ತಂದ ಮೀನುಗಳಲ್ಲಿ ಹೊಟ್ಟೆಯ ಪರಾವಲಂಬಿ ಹುಳುಗಳ ಕಾಟ ಸಾಮಾನ್ಯ. ಕೊಳ್ಳುವಾಗ ಹೊಟ್ಟೆ ಒಳಸೇದಿರುವ ಮೀನನ್ನು ಆರಿಸಬೇಡಿ.

ಇನ್ನು ಗಿಡ. ಈ ತೊಟ್ಟಿಯಲ್ಲಿ ಗಿಡ ಅಲಂಕಾರಕ್ಕಲ್ಲ. ಪೀ ಪಫರ್‌ಗೆ ತನ್ನ ಜಾಗದ ಮೇಲೆ ಬಲವಾದ ಹಕ್ಕುಂಟು. ಮತ್ತೊಂದು ಗಂಡು ಕಣ್ಣಿಗೆ ಬಿದ್ದರೆ ಅಟ್ಟಿಸಿಕೊಂಡು ಹೋಗಿ ರೆಕ್ಕೆ ಕಚ್ಚುತ್ತದೆ. ಕಣ್ಣಿಗೆ ಬೀಳದಿದ್ದರೆ ಜಗಳವೂ ಕಡಿಮೆ. ಆದ್ದರಿಂದ ವ್ಯಾಲಿಸ್ನೇರಿಯಾ ಹಿಂದೆ ಸಾಲಾಗಿ ಬೆಳೆಯಲಿ, ಮರದ ತುಂಡಿಗೆ ಜಾವಾ ಫರ್ನ್ ಕಟ್ಟಿ, ಮೂಲೆಗಳನ್ನು ಜಾವಾ ಮಾಸ್‌ನಿಂದ ತುಂಬಿಸಿ. ಮರೆಯಿಂದ ಮರೆಗೆ ಸರಿದುಹೋಗಲು ದಾರಿ ಇರಬೇಕು. ಒಂದೇ ಮೀನಿಗೆ 20 ಲೀಟರ್ ಸಾಕಾದೀತು, ಗುಂಪಿಗೆ ಅದರ ಎರಡು ಪಟ್ಟಿಗಿಂತ ಹೆಚ್ಚೇ ಬೇಕು. ಒಂದು ಗಂಡಿಗೆ ಎರಡು ಮೂರು ಹೆಣ್ಣು ಇದ್ದರೆ ಒಳ್ಳೆಯದು. ಬೆಳೆದ ಗಂಡಿನ ಹೊಟ್ಟೆಯಡಿಯಲ್ಲಿ ಕಪ್ಪು ಗೆರೆ, ಕಣ್ಣಿನ ಹಿಂದೆ ಸುಕ್ಕಿನಂಥ ಗೀರುಗಳು ಕಾಣುತ್ತವೆ. ಹೆಣ್ಣಿನ ಮೈ ಹೆಚ್ಚು ದುಂಡು. ಗಪ್ಪಿ, ಫೈಟರ್‌ಗಳಂಥ ಉದ್ದ ಬಾಲದ ಮೀನುಗಳ ಜೊತೆ ಇದನ್ನು ಬಿಡಲೇಬಾರದು.

ನೀರಿನ ವಿಷಯದಲ್ಲಿ ಅವಸರ ಸಲ್ಲದು. ಮೀನಿನ ಹಿಕ್ಕೆಯಿಂದ ಬರುವ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಮೀನು ಅದಾದ ಮೇಲೆ ಬರಲಿ. ಅರೆಬರೆ ತಿಂದು ಬಿಟ್ಟ ಹುಳುಗಳಿಂದ ನೀರು ಬೇಗ ಕೆಡುವುದರಿಂದ ವಾರವಾರವೂ ಸ್ವಲ್ಪ ನೀರು ಬದಲಿಸಬೇಕು, ನಲ್ಲಿ ನೀರಾದರೆ ಕ್ಲೋರಿನ್ ತೆಗೆದೇ ಹಾಕಬೇಕು. ಉಷ್ಣತೆ 24ರಿಂದ 28 ಡಿಗ್ರಿ. ಬೇರೆಡೆಗೆ ಸಾಗಿಸುವಾಗ ಬಲೆ ಬೇಡ. ಬಟ್ಟಲಲ್ಲಿ ನೀರಿನ ಸಮೇತ ಎತ್ತಿ. ಬಲೆಯಲ್ಲಿ ಹೆದರಿ ಗಾಳಿ ನುಂಗಿ ಉಬ್ಬಿದರೆ ಅದನ್ನು ಹೊರಹಾಕಲು ಪರದಾಡುತ್ತದೆ. ಉಬ್ಬುವುದನ್ನು ನೋಡಬೇಕೆಂದು ಮೀನನ್ನು ಕೆಣಕುವುದು ಕ್ರೌರ್ಯ.

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಈ ಮೀನು ಅಪಾಯಕ್ಕೀಡಾಗಬಲ್ಲ ಜೀವಿಗಳ ಸಾಲಿನಲ್ಲಿದೆ. ನೆಲೆ ಹಾಳಾಗುವುದರ ಜೊತೆಗೆ ಅಕ್ವೇರಿಯಂ ವ್ಯಾಪಾರಕ್ಕಾಗಿ ಹೊಳೆಯಿಂದಲೇ ಹಿಡಿಯುವುದೂ ಅದಕ್ಕೆ ಕಾರಣ. ಹಾಗಾಗಿ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ಇದು ಹೊಳೆಯದೋ, ತೊಟ್ಟಿಯಲ್ಲೇ ಮರಿಯಾದದ್ದೋ? ಮನೆಯಲ್ಲೂ ಇದು ಮರಿ ಮಾಡುತ್ತದೆ. ಹೆಣ್ಣು ಮಾಸ್‌ನ ಎಳೆಗಳ ನಡುವೆ ಮೊಟ್ಟೆ ಉದುರಿಸುತ್ತದೆ. ಆ ಮಾಸ್ ಸಮೇತ ಬೇರೆ ಡಬ್ಬಕ್ಕೆ ತೆಗೆದಿಟ್ಟರೆ ಕೆಲವೇ ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಮೊದಲಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ನೀರುಜೀವಿಗಳು, ಸ್ವಲ್ಪ ಬಲಿತ ಮೇಲೆ ಆಗತಾನೇ ಒಡೆದ ಆರ್ಟೀಮಿಯಾ ಮರಿಗಳು ಅವುಗಳ ಊಟ.