ಉಡುಗೆಯ ಛಾಯಾಚಿತ್ರ: ಕಲಿಯುವವರ ಮುಂದಿರುವ ತೊಡಕುಗಳು

ಉಡುಗೆತೊಡುಗೆಗಳ ಛಾಯಾಚಿತ್ರ ತೆಗೆಯುವುದೆಂದರೆ ಅಂದವಾಗಿ ಉಟ್ಟವರನ್ನು ದೀಪದ ಮುಂದೆ ನಿಲ್ಲಿಸಿ ಗುಂಡಿಯೊತ್ತುವುದಷ್ಟೇ ಎಂದು ನಮ್ಮಲ್ಲಿ ಅನೇಕರು ಭಾವಿಸಿರುವರು. ಆದಕಾರಣ ಮಗನೋ ಮಗಳೋ ಈ ವಿದ್ಯೆಯನ್ನು ಕಲಿಯುವೆನೆಂದಾಗ ತಂದೆತಾಯಂದಿರು ಹಿಂದೆಮುಂದೆ ನೋಡುವುದು ಸಹಜವೇ. ಆದರೆ 1986ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯು ಇಂದು ಬೆಂಗಳೂರಿನಲ್ಲಿಯೂ ನಮ್ಮ ನೆರೆಯ ಕಣ್ಣೂರಿನಲ್ಲಿಯೂ ಶಿಕ್ಷಣ ಕೇಂದ್ರಗಳನ್ನು ನಡೆಸುತ್ತಿದೆ. ಈ ದಾರಿ ಹಿಡಿಯುವ ಮಕ್ಕಳಿಗೆ ಸ್ಟುಡಿಯೋದಲ್ಲಿ ಎದುರಾಗುವ ತೊಡಕುಗಳಾವುವು ಎಂಬುದನ್ನು ನಾವು ತಿಳಿದಿರುವುದು ಹಿತಕರ.

ನಮ್ಮೂರ ಕೈಮಗ್ಗದ ಕಾಸರಗೋಡು ಸೀರೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಭೌಗೋಳಿಕ ಸೂಚಿಯ ಮನ್ನಣೆ ಪಡೆದ ಈ ಹತ್ತಿಯ ಸೀರೆಯನ್ನು ಒಬ್ಬ ವಿದ್ಯಾರ್ಥಿನಿ ಉಟ್ಟು ನಿಂತಿರುವಳು. ಅವಳ ಸಹಪಾಠಿ ಕ್ಯಾಮರಾ ಹಿಡಿದಿರುವನು ಎಂದು ಭಾವಿಸಿರಿ.

ಮೊದಲನೆಯದು ಬೆಳಕಿನ ತೊಡಕು. ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುವುದೆಂದು ನಾವು ಪಾಠಪುಸ್ತಕದಲ್ಲಿ ಓದಿರುವೆವು. ದೀಪದಿಂದ 1 ಮೀಟರ್ ದೂರದಲ್ಲಿರುವ ಬೆಳಕು 2 ಮೀಟರಿಗೆ ಕಾಲುಭಾಗವೂ, 3 ಮೀಟರಿಗೆ ಒಂಬತ್ತರಲ್ಲಿ ಒಂದು ಭಾಗವೂ ಆಗುವುದು. ಆದುದರಿಂದ ದೀಪವನ್ನು ಮುಖದ ಸಮೀಪಕ್ಕೆ ತಂದರೆ ಮುಖವು ಬೆಳಗುವುದು. ಪಾದದ ಬಳಿಯ ಅಂಚು ಕತ್ತಲಲ್ಲಿ ಮುಳುಗುವುದು. ದೂರಕ್ಕೆ ಸರಿಸಿದರೆ ಮೇಲೂ ಕೆಳಗೂ ಬೆಳಕು ಸಮನಾಗುವುದು ನಿಜ. ಆದರೆ ನೆರಳುಗಳು ಮೃದುತ್ವವನ್ನು ಕಳೆದುಕೊಂಡು ಒರಟಾಗುವುವು. ಹುಡುಗಿಯನ್ನು ಹಿಂದಿನ ಪರದೆಯಿಂದ ಸಾಕಷ್ಟು ಮುಂದೆ ನಿಲ್ಲಿಸದಿದ್ದರೆ ಅವಳ ನೆರಳು ಪರದೆಯ ಮೇಲೆ ಬೀಳುವುದು. ನಿಲ್ಲಿಸಿದರೋ ಚಿಕ್ಕ ಕೊಠಡಿಯಲ್ಲಿ ಕ್ಯಾಮರಾ ಇಡಲು ಎಡೆಯಿಲ್ಲ! ದೊಡ್ಡ ಬಿಳಿಯ ಹಲಗೆಯೊಂದನ್ನು ಕೆಳಗಿರಿಸಿ ಬೆಳಕನ್ನು ಅಂಚಿನತ್ತ ಮರಳಿಸುವುದು ಇದಕ್ಕೆ ಅಲ್ಪ ವೆಚ್ಚದ ಉಪಾಯ.

ಎರಡನೆಯದು ನೇಯ್ಗೆಯ ತೊಡಕು. ಸಣ್ಣ ಗೆರೆಗಳೂ ಚೌಕುಳಿಗಳೂ ಇರುವ ಬಟ್ಟೆಯ ಚಿತ್ರವನ್ನು ಇಂದಿನ ಡಿಜಿಟಲ್ ಕ್ಯಾಮರಾದಿಂದ ತೆಗೆದಾಗ ಕೆಲವೊಮ್ಮೆ ಅದರಲ್ಲಿ ಅಲೆಯಲೆಯಾದ ಹುಸಿಗೆರೆಗಳು ಮೂಡುವುವು. ಚಿತ್ರವನ್ನು ಗ್ರಹಿಸುವ ಫಲಕದ ಮೇಲೆ ಸೂಕ್ಷ್ಮ ಬಿಂದುಗಳು ಸಾಲುಸಾಲಾಗಿರುವುವು. ಆ ಸಾಲುಗಳಿಗೂ ಬಟ್ಟೆಯ ಎಳೆಗಳಿಗೂ ಹೊಂದಿಕೆ ತಪ್ಪಿದಾಗ ಈ ದೋಷ ಹುಟ್ಟುವುದು. ನೇಕಾರನು ನೇಯದ ಚಿತ್ತಾರ ಅವನ ಸೀರೆಯ ಮೇಲೆ ಕಾಣಿಸಿದಂತಾಯಿತು! ಕ್ಯಾಮರಾವನ್ನು ಕೊಂಚ ಮುಂದಕ್ಕೋ ಹಿಂದಕ್ಕೋ ಸರಿಸಿ, ಚಿತ್ರವನ್ನು ಆಗಲೇ ಹಿಗ್ಗಿಸಿ ಪರೀಕ್ಷಿಸತಕ್ಕದ್ದು.

ಮೂರನೆಯದೂ ಎಲ್ಲಕ್ಕಿಂತ ಗಹನವಾದುದೂ ಬಣ್ಣದ ತೊಡಕು. ಕ್ಯಾಮರಾದ ಬೆಳಕಳೆಯುವ ಸಾಧನವು ಎದುರಿನ ದೃಶ್ಯವೆಲ್ಲ ಸುಮಾರಾಗಿ ನಡುಬೂದು ಬಣ್ಣದ್ದೆಂದೇ ಎಣಿಸುವುದು. ಆ ಕಾರಣದಿಂದ ಅಚ್ಚಬಿಳಿಯ ಪಂಚೆ ಮಾಸಿದಂತೆಯೂ, ಕಪ್ಪು ಸೀರೆ ಬೂದಿ ಬಳಿದಂತೆಯೂ ತೋರಬಹುದು. ಯಂತ್ರದ ಈ ಎಣಿಕೆಯನ್ನು ತಿದ್ದಬೇಕಾದವನು ವಿದ್ಯಾರ್ಥಿಯೇ. ಬೂದು ಬಣ್ಣದ ರಟ್ಟನ್ನು ಮುಖದ ಬಳಿ ಹಿಡಿದು ಮೊದಲೊಂದು ಚಿತ್ರ ತೆಗೆದಿಟ್ಟುಕೊಂಡರೆ ಮುಂದೆ ಬಣ್ಣಗಳನ್ನು ಸರಿಹೊಂದಿಸಲು ಅದೇ ಆಧಾರವಾಗುವುದು.

ಬಟ್ಟೆಯ ಬಣ್ಣಕ್ಕೆ ಹೇಳಿದುದು ಮೈಬಣ್ಣಕ್ಕೂ ಸಲ್ಲುವುದು. 1950ರ ದಶಕದಿಂದ ಕೊಡಾಕ್ ಕಂಪೆನಿಯು ಬಣ್ಣದ ಚಿತ್ರಗಳನ್ನು ಮುದ್ರಿಸುವ ಪ್ರಯೋಗಶಾಲೆಗಳಿಗೆ ಮಾದರಿ ಚಿತ್ರವೊಂದನ್ನು ಕಳುಹಿಸುತ್ತಿದ್ದಿತು. ಅದರಲ್ಲಿದ್ದವಳು ಬಿಳಿಯ ಮೈಬಣ್ಣದ ಯುವತಿ. ‘ಶರ್ಲಿ ಕಾರ್ಡು’ ಎಂದು ಹೆಸರಾದ ಆ ಚಿತ್ರದ ಮೈಬಣ್ಣ ಸರಿಯಾಗಿ ಬಂದರೆ ಎಲ್ಲವೂ ಸರಿಯೆಂಬುದು ಅಂದಿನ ಪದ್ಧತಿ. ಫಲವಾಗಿ ಕಪ್ಪು ಮೈಬಣ್ಣದವರ ಮುಖದ ರೇಖೆಗಳು ಚಿತ್ರದಲ್ಲಿ ಅಳಿಸಿಹೋದವು. ನಾನಾ ಮೈಬಣ್ಣಗಳವರು ಒಟ್ಟಿಗಿರುವ ಮಾದರಿ ಕಾರ್ಡುಗಳು ಬಂದುದು 1990ರ ದಶಕದಲ್ಲಿ.

ಇಂದು ಕಾರ್ಡು ಬದಲಾಗಿದೆ, ಮನಸ್ಸು ಬದಲಾಗಿದೆಯೇ? ಎಣ್ಣೆಗಪ್ಪು ಬಣ್ಣದ ಹುಡುಗಿಯನ್ನು ಬೆಳ್ಳಗೆ ತೋರಿಸಿದರೆ ಅವಳಿಗೆ ಉಪಕಾರ ಮಾಡಿದಂತೆ ಎಂದು ತಿಳಿಯುವವರು ನಮ್ಮಲ್ಲಿ ಇನ್ನೂ ಇರುವರು. ಆದರೆ ಮುಖವನ್ನು ಬಿಳುಪಾಗಿಸಲೆಂದು ಚಿತ್ರಕ್ಕೆ ಬೆಳಕನ್ನು ಹೆಚ್ಚಿಸಿದೊಡನೆ ಸೀರೆಯ ಕೆಂಪೂ ಪೇಲವವಾಗುವುದು. ಒಬ್ಬಳ ಮೈಬಣ್ಣಕ್ಕೆ ಮಾಡಿದ ಅನ್ಯಾಯ ನೇಕಾರನ ಬಣ್ಣಕ್ಕೂ ತಟ್ಟಿತು! ಅದರ ಬದಲು ಬಿಳಿಯ ಹಲಗೆಯಿಂದ ಕೆನ್ನೆಯತ್ತ ಬೆಳಕನ್ನು ಮೆಲ್ಲನೆ ಮರಳಿಸಿದರೆ, ಕಪ್ಪು ಮೈಬಣ್ಣದ ಸಹಜ ಹೊಳಪು ತಾನಾಗಿಯೇ ಮೂಡುವುದು.

ಕೊನೆಯದಾಗಿ ಒಂದು ಮಾತು. ದೀಪದ ಮುಂದೆ ನಿಂತವಳು ಗೊಂಬೆಯಲ್ಲ, ಜೊತೆಯಲ್ಲಿ ಓದುವವಳು. ನಿರಿಗೆ ಸರಿಪಡಿಸಿಕೊಳ್ಳಲು ಅವಳಿಗೆ ಮರೆಯಾದ ಸ್ಥಳವಿರಬೇಕು. ದಣಿದಾಗ ಕುಳಿತುಕೊಳ್ಳಲು ಬಿಡುವಿರಬೇಕು. ಯಾವ ಚಿತ್ರವನ್ನು ಎಲ್ಲಿ ಪ್ರಕಟಿಸುವುದೆಂಬುದಕ್ಕೆ ಅವಳ ಒಪ್ಪಿಗೆಯನ್ನು ಮೊದಲೇ ಪಡೆದಿರಬೇಕು. ತಂದೆತಾಯಂದಿರು ಮೊದಲು ವಿಚಾರಿಸತಕ್ಕದ್ದೂ ಇದನ್ನೇ.

ಉಟ್ಟವಳು ಇದ್ದಂತೆಯೂ ನೇಯ್ದುದು ನೇಯ್ದಂತೆಯೂ ಕಾಣುವಂತೆ ಮಾಡುವುದು ಸುಲಭವಲ್ಲ. ಅಷ್ಟನ್ನು ಸಾಧಿಸಿದ ವಿದ್ಯಾರ್ಥಿಯು ಕಲಿತುದು ಬರಿಯ ಯಂತ್ರವಿದ್ಯೆಯಲ್ಲ, ಕಣ್ಣಿನ ಪ್ರಾಮಾಣಿಕತೆ. ಅಂತಹ ವಿದ್ಯೆಗೆ ನಮ್ಮ ಮಕ್ಕಳನ್ನು ಕಳುಹಿಸಲು ನಾವು ಹಿಂಜರಿಯಬೇಕಾಗಿಲ್ಲ.