ನಿಮಗಿದು ಗೊತ್ತೇ? ಈದ್‌ಗೆ ಒಡವೆ ಆರಿಸುವ ಮುನ್ನ

ಈದ್ ಹಬ್ಬಕ್ಕೂ ಹೆಂಗಸರ ಒಡವೆಗೂ ಇರುವ ನಂಟು ಮದೀನಾದಷ್ಟು ಹಳೆಯದು. ಒಂದು ಈದ್ ದಿನ ಪ್ರವಾದಿ ಮುಹಮ್ಮದ್ (ಸ) ನಮಾಜು, ಪ್ರವಚನ ಮುಗಿಸಿ ಹೆಂಗಸರು ಕೂತಿದ್ದ ಕಡೆ ಹೋಗಿ ದಾನ ಮಾಡಿರೆಂದು ಹೇಳಿದರು. ಜೊತೆಗಿದ್ದ ಬಿಲಾಲರು ಬಟ್ಟೆ ಹಾಸಿದರು. ಹೆಂಗಸರು ಕಿವಿಯೋಲೆ, ಉಂಗುರ ಬಿಚ್ಚಿ ಅದರೊಳಗೆ ಹಾಕಿದರು. ಸಹೀಹ್ ಬುಖಾರಿಯಲ್ಲಿರುವ ಈ ಹದೀಸಿನಿಂದ ವಿದ್ವಾಂಸರು ಒಂದು ಮುಖ್ಯ ವಿಷಯ ಎತ್ತಿ ಹೇಳಿದ್ದಾರೆ: ಅಲ್ಲಿ ಯಾರೂ ಗಂಡನನ್ನು ಕೇಳಿ ಬರುತ್ತೇನೆಂದು ಎದ್ದು ಹೋಗಲಿಲ್ಲ. ಒಡವೆ ಅವರದು, ಕೊಡುವ ಹಕ್ಕೂ ಅವರದು.

ಅಮ್ಮಿಗೋ, ಆಪಾಗೋ, ಹೆಂಡತಿಗೋ ಈ ಸಲ ಒಡವೆ ಕೊಡಬೇಕೆಂದಿರುವವರು ಮೊದಲು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕಾದ್ದು ಇದನ್ನೇ. ಕೊಟ್ಟ ಮೇಲೆ ಅದು ಅವರ ಆಸ್ತಿ. ಕಷ್ಟ ಬಂದಾಗ ಅಡ ಇಡಲೆಂದು ಮನೆಯವರು ಬೀರುವಿನಲ್ಲಿ ಇಟ್ಟುಕೊಂಡ ಗಂಟಲ್ಲ.

ಬಳೆಯ ಅಳತೆಯಲ್ಲಿ 2.10 ದೊಡ್ಡದೋ, 2.8 ದೊಡ್ಡದೋ? 2.10 ದೊಡ್ಡದು! ಚುಕ್ಕೆಯ ಮುಂದಿನ ಅಂಕಿ ದಶಮಾಂಶವಲ್ಲ, ಒಂದು ಇಂಚಿನ ಹದಿನಾರು ಭಾಗಗಳಲ್ಲಿ ಎಷ್ಟು ಎಂಬ ಲೆಕ್ಕ. 2.4 ಎಂದರೆ ಎರಡು ಇಂಚು ಮತ್ತು ಹದಿನಾರರಲ್ಲಿ ನಾಲ್ಕು ಭಾಗ, ಅಂದರೆ ಎರಡೂಕಾಲು ಇಂಚು, ಸುಮಾರು 57 ಮಿಲಿಮೀಟರ್. 2.6 ಎಂದರೆ ಸುಮಾರು 60. 2.8 ಎಂದರೆ ಸರಿಯಾಗಿ ಎರಡೂವರೆ ಇಂಚು, 63.5 ಮಿಲಿಮೀಟರ್. 2.10 ಬಂದರೆ ಸುಮಾರು 67. ತೊಡುವವರಿಗೆ ಗೊತ್ತಾಗದಂತೆ ಅಳತೆ ಹಿಡಿಯಬೇಕೇ? ದಿನಾ ತೊಡುವ ಒಂದು ಬಳೆಯನ್ನು ಕಾಗದದ ಮೇಲಿಟ್ಟು ಒಳಸುತ್ತಿಗೆ ಗೆರೆ ಎಳೆದುಕೊಳ್ಳಿ. ಆ ಕಾಗದ ಅಂಗಡಿಯವರ ಕೈಗೆ ಹೋದರೆ ಸಾಕು. ಅಳತೆ ಸರಿಯಿರುವ ಗಾಜಿನ ಬಳೆ ಹಬ್ಬದ ದಿನ ಕೈಮೇಲಿರುತ್ತದೆ, ಅಳತೆ ತಪ್ಪಿದ ಚಿನ್ನದ ಬಳೆ ಪೆಟ್ಟಿಗೆಯಲ್ಲಿರುತ್ತದೆ. ಕೈಗೆ ಹತ್ತುವುದೇ ಉಡುಗೊರೆಯ ಮೊದಲ ಲಕ್ಷಣ ಎಂಬುದು ನನ್ನ ಗಟ್ಟಿ ನಂಬಿಕೆ.

ಉತ್ತರಪ್ರದೇಶದ ಫಿರೋಜಾಬಾದಿನ ಗಾಜಿನ ಬಳೆಗಳು ಕುಲುಮೆಯಿಂದ ಹೊರಬರುವಾಗ ಬಳೆಗಳೇ ಆಗಿರುವುದಿಲ್ಲ. ಉದ್ದನೆಯ ಸುರುಳಿಯಾಗಿ ಬರುವ ಗಾಜನ್ನು ಕತ್ತರಿಸಿ, ಒಂದೊಂದರ ಎರಡು ತುದಿಗಳನ್ನೂ ಸಣ್ಣ ಜ್ವಾಲೆಯಲ್ಲಿ ಬೆಸೆಯುತ್ತಾರೆ. ಈ ಬೆಸುಗೆ ಕೆಲಸವನ್ನು ಹೆಚ್ಚಾಗಿ ಹೆಂಗಸರೇ ಮನೆಗಳಲ್ಲಿ ಕೂತು ಮಾಡುತ್ತಾರೆ. ಬೆಳಕಿಗೆ ಹಿಡಿದು ನೋಡಿದರೆ ಆ ಕೂಡು ಕಣ್ಣಿಗೆ ಕಾಣುತ್ತದೆ.

ಚಾಂದ್ ರಾತ್, ಅಂದರೆ ಈದ್‌ನ ಹಿಂದಿನ ರಾತ್ರಿ, ಹೈದರಾಬಾದಿನ ಲಾಡ್ ಬಜಾರಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. 1591ರಲ್ಲಿ ಕಟ್ಟಿದ ಚಾರ್‌ಮಿನಾರಿನ ಪಕ್ಕದ ಈ ಬೀದಿ ಅರಗಿನ ಬಳೆಗಳಿಗೆ ಹೆಸರುವಾಸಿ. ಹೈದರಾಬಾದಿನ ಅರಗಿನ ಬಳೆಗೆ 2024ರಲ್ಲಿ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಮಾನ್ಯತೆ ಸಿಕ್ಕಿತು. ಕೆಂಡದ ಮೇಲೆ ಅರಗನ್ನು ಮೆತ್ತಗೆ ಮಾಡಿ, ಹಗ್ಗದಂತೆ ಹೊಸೆದು, ಬಗ್ಗಿಸಿ ಬಳೆ ಮಾಡುತ್ತಾರೆ. ಬಿಸಿ ಆರುವ ಮುಂಚೆ ಹರಳುಗಳನ್ನು ಒಂದೊಂದಾಗಿ ಕೂರಿಸುತ್ತಾರೆ. ಇದರಲ್ಲೊಂದು ದೊಡ್ಡ ಅನುಕೂಲವಿದೆ. ಬಳೆ ತುಸು ಬಿಗಿಯಾದರೆ ಅಲ್ಲೇ ಕೆಂಡಕ್ಕೆ ಹಿಡಿದು ಕೈಗೆ ತಕ್ಕಂತೆ ಸರಿಮಾಡಿ ಕೊಡುತ್ತಾರೆ, ಚಿನ್ನದಂಗಡಿಯಲ್ಲಿ ಇದು ನಡೆಯದು.

ಅರಗು ಮರದ ಅಂಟಲ್ಲ. ಮುತ್ತುಗ, ಬೋರೆ ಮುಂತಾದ ಮರಗಳ ರೆಂಬೆ ಹಿಡಿದು ಬದುಕುವ ಪುಟ್ಟ ಕೀಟಗಳು ಮೈಯಿಂದ ಒಸರಿಸುವ ವಸ್ತು ಅದು. ಚನ್ನಪಟ್ಟಣದ ಬೊಂಬೆಗಳ ಮೇಲೆ ಮಿರುಗುವ ಬಣ್ಣವೂ ಇದೇ ಅರಗಿನದು. ಅಲ್ಲಿನ ಕುಶಲಕರ್ಮಿಗಳು ಹಾಲೆ ಮರದ ಬಳೆ, ಓಲೆಗಳನ್ನೂ ಕಡೆಯುತ್ತಾರೆ. ಹೂವಿನಷ್ಟು ಹಗುರ, ಬೆಲೆಯೂ ಕಡಿಮೆ, ಬಿದ್ದರೆ ಗಾಜಿನಂತೆ ಚೂರಾಗುವುದಿಲ್ಲ. ಮನೆಯ ಪುಟ್ಟ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ಈದಿ ನನಗೆ ತೋಚದು. ಒಂದು ಎಚ್ಚರಿಕೆ: ಪಾಂಡವರ ಅರಗಿನ ಮನೆಯ ಕತೆ ಕೇಳಿದವರಿಗೆ ಅರಗು ಬೆಂಕಿಗೆ ಏನಾಗುತ್ತದೆಂದು ಹೇಳಬೇಕಿಲ್ಲ. ಅರಗಿನ ಬಳೆ ತೊಟ್ಟು ಒಲೆಯ ಮುಂದೆ ಬಿರಿಯಾನಿ ದಮ್ ಕಟ್ಟಬಾರದು, ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಡಬ್ಬಿ ಬಿಟ್ಟು ಹೋಗಬಾರದು.

ಬೀದರಿನ ಬಿದ್ರಿ ಹೂಜಿ, ಹುಕ್ಕಾ ಬುಡಗಳಷ್ಟೇ ಅಲ್ಲ, ಬಿದ್ರಿ ಪದಕ, ಓಲೆಗಳೂ ಈಗ ಸಿಗುತ್ತವೆ. ಬಿದ್ರಿಯ ಕಪ್ಪು ಬಳಿದ ಬಣ್ಣವಲ್ಲ. ಹೆಚ್ಚು ಸತು, ಸ್ವಲ್ಪ ತಾಮ್ರ ಸೇರಿದ ಲೋಹದಲ್ಲಿ ಬೆಳ್ಳಿಯ ಎಳೆ ಕೂರಿಸಿ, ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ಹಚ್ಚುತ್ತಾರೆ. ಸತು ಇದ್ದಲಿನ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಈ ಕಲೆಗೆ 2006ರಲ್ಲಿ ಜಿಐ ಮಾನ್ಯತೆ ಬಂತು, ಬೀದರಿನ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಚಿನ್ನ ಬೇಡವೆನ್ನುವ, ಓದು ಕೆಲಸ ಎಂದು ಓಡಾಡುವ ತಂಗಿಗೆ ಬಿದ್ರಿ ಪದಕ ಕೊಟ್ಟು ನೋಡಿ. ಒರೆಸಲು ಒಂದು ಹನಿ ಕೊಬ್ಬರಿ ಎಣ್ಣೆ ಸಾಕು, ಬೆಳ್ಳಿ ಪಾಲಿಶ್ ಹಾಕಿ ಉಜ್ಜಿದರೆ ಕಪ್ಪು ಹೋಗುತ್ತದೆ.

ಅತ್ತರು ಮೊದಲು, ಮುತ್ತು ಆಮೇಲೆ! ಮುತ್ತಿನ ಮೈ ಸುಣ್ಣದ ಜಾತಿಯದು. ಸೆಂಟು, ಅತ್ತರು, ಬೆವರು ಎಲ್ಲವೂ ಅದರ ಹೊಳಪನ್ನು ತಿನ್ನುತ್ತವೆ. ಹಬ್ಬದ ಬೆಳಿಗ್ಗೆ ಸಿಂಗಾರವೆಲ್ಲ ಮುಗಿದ ಮೇಲೆ ಕೊನೆಗೆ ಮುತ್ತಿನ ಸರ ಹಾಕಬೇಕು, ಮನೆಗೆ ಬಂದೊಡನೆ ಮೊದಲು ಅದನ್ನೇ ತೆಗೆಯಬೇಕು.

ಮುತ್ತು ಅಸಲಿಯೇ? ಹಲ್ಲಿಗೆ ಮೆಲ್ಲಗೆ ಉಜ್ಜಿ. ಅಸಲಿಯಾದರೆ ಮರಳು ಮರಳಾಗಿ ತಾಗುತ್ತದೆ, ಗಾಜಿನದೋ ಪ್ಲಾಸ್ಟಿಕ್ಕಿನದೋ ಆದರೆ ಜಾರುತ್ತದೆ. ಮುತ್ತಿಗೆ ಹೆಸರಾದ ಹೈದರಾಬಾದಿಗೆ ಸಮುದ್ರವಿಲ್ಲ. ಅಲ್ಲಿಗೆ ಪರ್ಷಿಯನ್ ಕೊಲ್ಲಿಯಿಂದ ಮುತ್ತು ಬರುತ್ತಿತ್ತು, ರಂಧ್ರ ಕೊರೆದು ಪೋಣಿಸುವ ಕೈಚಳಕ ಊರಿನದು. 1893ರಲ್ಲಿ ಜಪಾನಿನ ಮಿಕಿಮೊಟೊ ಕೊಕಿಚಿ ಮುತ್ತು ಬೆಳೆಸುವುದರಲ್ಲಿ ಗೆದ್ದ ಮೇಲೆ ಕೊಲ್ಲಿಯ ಮುತ್ತಿನ ವ್ಯಾಪಾರ ಮೆಲ್ಲಮೆಲ್ಲನೆ ಕುಸಿಯಿತು. ಇವತ್ತು ಅಂಗಡಿಗಳಲ್ಲಿ ಕಾಣುವ ಬಹುಪಾಲು ಮುತ್ತು ಚೀನಾದ ಸಿಹಿನೀರಿನದು. ಅದರಲ್ಲಿ ತಪ್ಪೇನಿಲ್ಲ, ಬೆಲೆ ಮಾತ್ರ ಅದರದ್ದೇ ಇರಬೇಕು.

ಹೈದರಾಬಾದಿನ ಮುಸ್ಲಿಂ ಮದುವೆಗಳಲ್ಲಿ ಮದುಮಗಳ ಕೊರಳಿಗೆ ಕರಿಮಣಿಯ ಲಚ್ಛಾ ಬೀಳುತ್ತದೆ. ಅದು ಗಂಡನ ಮನೆಯ ಒಡವೆ, ಹಾಗಾಗಿ ಅಣ್ಣತಮ್ಮಂದಿರು ಉಡುಗೊರೆಗೆ ಬೇರೇನಾದರೂ ಆರಿಸುವುದು ಚೆಂದ. ಏಳೆಳೆ ಮುತ್ತಿನ ಸತ್ಲಡಾ, ತಲೆಯ ಒಂದೇ ಪಕ್ಕಕ್ಕೆ ಇಳಿಬಿಡುವ ಝೂಮರ್, ಅರ್ಧಚಂದ್ರದ ಚಾಂದ್‌ಬಾಲಿ. ಕರಾವಳಿಯ ಬ್ಯಾರಿ ಅಜ್ಜಿಯರು ಕಿವಿಯಂಚಿನ ಉದ್ದಕ್ಕೂ ಸಾಲಾಗಿ ತೊಡುತ್ತಿದ್ದ ಅಲಿಕತ್ ಈಗ ಅಪರೂಪ. ಉಮ್ಮನ ಪೆಟ್ಟಿಗೆಯಲ್ಲಿ ಒಂದು ಉಳಿದಿದ್ದರೆ ಅದನ್ನು ಹಾಗೇ ಉಳಿಸಿ.

ಉಳಿಸಿ ಎನ್ನುವುದಕ್ಕೆ ಕಾರಣವಿದೆ. ಪ್ರವಾದಿಯವರ ಪತ್ನಿ ಖದೀಜಾ ತಮ್ಮ ಹಾರವನ್ನು ಮಗಳು ಝೈನಬರಿಗೆ ಮದುವೆಯಲ್ಲಿ ಕೊಟ್ಟಿದ್ದರು. ಕ್ರಿ.ಶ. 624ರ ಬದ್ರ್ ಯುದ್ಧದಲ್ಲಿ ಝೈನಬರ ಗಂಡ ಅಬುಲ್ ಆಸ್ ಎದುರು ಪಾಳಯದಲ್ಲಿದ್ದು ಸೆರೆಸಿಕ್ಕರು. ಅವರನ್ನು ಬಿಡಿಸಲು ಝೈನಬರು ಮಕ್ಕಾದಿಂದ ಕಳಿಸಿದ್ದರಲ್ಲಿ ಆ ಹಾರವೂ ಇತ್ತು. ಖದೀಜಾ ಅಷ್ಟರಲ್ಲಿ ತೀರಿಕೊಂಡಿದ್ದರು. ಹಾರ ಕಂಡೊಡನೆ ಪ್ರವಾದಿಯವರ ಕರುಳು ಕರಗಿತು. ನಿಮಗೆ ಒಪ್ಪಿಗೆಯಾದರೆ ಕೈದಿಯನ್ನೂ ಬಿಡಿ, ಹಾರವನ್ನೂ ಹಿಂದಿರುಗಿಸಿ ಎಂದು ಸಂಗಡಿಗರನ್ನು ಕೇಳಿದರು. ಅವರು ಒಪ್ಪಿದರು. ಅಮ್ಮನ ಒಡವೆ ಕರಗಿಸಿ ಹೊಸ ಡಿಸೈನ್ ಮಾಡಿಸಬೇಕು ಎನ್ನಿಸಿದಾಗ ನಾನು ಮತ್ತೆ ಮತ್ತೆ ನೆನೆಯುವುದು ಈ ಹಾರವನ್ನು.

ಹಳೆಯದನ್ನು ಬದಲಾಯಿಸಲೇಬೇಕೆಂದರೆ? ಚಿನ್ನಕ್ಕೆ ಚಿನ್ನ ಕೊಡುವಾಗ ತೂಕ ಸಮನಿರಬೇಕು, ಕೈಯಿಂದ ಕೈಗೆ ಆಗಬೇಕು ಎಂಬುದು ಹದೀಸಿನ ಮಾತು. ಅದಕ್ಕೇ ಅನೇಕ ಉಲೇಮಾಗಳು ಹೇಳುವುದು: ಹಳೆಯದನ್ನು ಮೊದಲು ಮಾರಿ ಹಣ ಕೈಗೆ ತೆಗೆದುಕೊಳ್ಳಿ, ಆಮೇಲೆ ಆ ಹಣದಿಂದ ಹೊಸದನ್ನು ಕೊಳ್ಳಿ.

ಇನ್ನು ಅಂಗಡಿಯ ಮೆಟ್ಟಿಲು. 22 ಕ್ಯಾರೆಟ್ ಎಂದರೆ 24ರಲ್ಲಿ 22 ಪಾಲು ಚಿನ್ನ, ಸಾವಿರಕ್ಕೆ ಸುಮಾರು 916. ಒಡವೆಯ ಮೇಲೆ ಕೊರೆದಿರುವ 22ಕೆ916 ಇದೇ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯಲ್ಲಿ ಬಿಐಎಸ್ ಗುರುತು, ಶುದ್ಧತೆಯ ಅಂಕಿ, ಆರು ಅಕ್ಷರ ಅಂಕಿಗಳ ಎಚ್‌ಯುಐಡಿ ಮೂರೂ ಇರಬೇಕು. ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಆ ಆರನ್ನು ಒತ್ತಿದರೆ ಅದು ಉಂಗುರವೋ ಸರವೋ, ಶುದ್ಧತೆ ಎಷ್ಟು ಎಂಬುದು ತೆರೆಯ ಮೇಲೆ ಬರುತ್ತದೆ. ಕೈಯಲ್ಲಿರುವುದು ಬಳೆ, ತೆರೆಯಲ್ಲಿ ಉಂಗುರ ಎಂದು ಬಂದರೆ ಕೊಳ್ಳಬೇಡಿ. ಹಬ್ಬದ ಜನಜಂಗುಳಿಯಲ್ಲಿ ನಾಚಿಕೊಂಡು ಇದನ್ನು ಬಿಡುವವರೇ ಹೆಚ್ಚು, ಬಿಡಬೇಡಿ.

ಎರಡು ಗ್ರಾಮಿಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲ. ಮೂಗುಬೊಟ್ಟು ಕೊಳ್ಳುವವರು ಗುರುತು ಹುಡುಕುವುದಕ್ಕಿಂತ ಬಿಲ್ಲಿನಲ್ಲಿ ಕ್ಯಾರೆಟ್ ಬರೆಸಿಕೊಳ್ಳುವುದು ಮೇಲು.

ಕುಂದನ್, ಪೋಲ್ಕಿ, ಜಡಾವು ಒಡವೆಗಳೂ ಕಡ್ಡಾಯದಿಂದ ಹೊರಗೆ. ಇವುಗಳಲ್ಲಿ ಹರಳಿನ ಕೆಳಗೆ ಅರಗು ತುಂಬಿರುತ್ತಾರೆ. ತಕ್ಕಡಿಯಲ್ಲಿ ಕಾಣುವ ತೂಕದೊಳಗೆ ಅರಗೂ ಹರಳೂ ಸೇರಿರುತ್ತವೆ. ‘ನೆಟ್ ವೇಟ್ ಎಷ್ಟು?’ ಎಂದು ಕೇಳಿ, ಅದನ್ನೇ ಬಿಲ್ಲಿನಲ್ಲಿ ಹಾಕಿಸಿ.

ಹಾಲ್‌ಮಾರ್ಕಿನಲ್ಲಿ ಹೇಳಿದ ಶುದ್ಧತೆಗಿಂತ ಕಡಿಮೆ ಬಂದರೆ, ಕೊರತೆಯ ಮೊತ್ತದ ಎರಡರಷ್ಟು ಹಣವನ್ನೂ ಪರೀಕ್ಷೆಯ ಖರ್ಚನ್ನೂ ಕೊಳ್ಳುಗರಿಗೆ ಕೊಡಬೇಕೆಂದು 2018ರ ಬಿಐಎಸ್ ನಿಯಮಗಳು ಹೇಳುತ್ತವೆ. ಬಿಲ್ಲಿದ್ದರೆ ಮಾತ್ರ ಈ ದಾರಿ.

‘ಒನ್ ಗ್ರಾಂ ಗೋಲ್ಡ್’ ಸರದಲ್ಲಿ ಒಂದು ಗ್ರಾಂ ಚಿನ್ನವಿದೆ ಎಂದುಕೊಳ್ಳಬೇಡಿ. ತಾಮ್ರ ಹಿತ್ತಾಳೆಗಳ ಮೇಲಿನ ತೆಳು ಲೇಪ ಅದು. ಕಡಿಮೆ ಬೆಲೆಯ ಓಲೆಗಳಲ್ಲಿ ನಿಕ್ಕಲ್ ಇದ್ದರೆ ಕೆಲವರ ಕಿವಿ ಕೆಂಪಾಗಿ ತುರಿಸುತ್ತದೆ. ಹೊಸದಾಗಿ ಕಿವಿ ಚುಚ್ಚಿಸಿದ ಮಕ್ಕಳಿಗೆ ಕಡ್ಡಿಯಾದರೂ ಚಿನ್ನದ್ದೇ ಇರಲಿ.

ಅಜ್ಜಿಯ ತೊಲ ಬೇರೆ, ಅಂಗಡಿಯ ತೊಲ ಬೇರೆ. ಹಳೆಯದು 11.66 ಗ್ರಾಂ, ಈಗ ಹತ್ತು ಗ್ರಾಮಿಗೇ ತೊಲ ಎನ್ನುವುದು ರೂಢಿ.

ದುಬೈ, ದಮ್ಮಾಮಿನಿಂದ ಹಬ್ಬಕ್ಕೆ ಬರುವವರಿಗೊಂದು ಮಾತು. ವರ್ಷಕ್ಕೂ ಹೆಚ್ಚು ಕಾಲ ಹೊರದೇಶದಲ್ಲಿದ್ದು ಮರಳುವ ಹೆಣ್ಣಿಗೆ ಸುಂಕವಿಲ್ಲದೆ ತರಬಹುದಾದ ಒಡವೆಯ ತೂಕ 40 ಗ್ರಾಂ, ಗಂಡಿಗೆ 20 ಗ್ರಾಂ. 2016ರ ನಿಯಮಗಳು ತೂಕದ ಜೊತೆ ಬೆಲೆಗೂ ಮಿತಿ ಇಟ್ಟಿದ್ದವು, ಆದ್ದರಿಂದ ಹೊರಡುವ ಮುನ್ನ ಕಸ್ಟಮ್ಸ್ ಇಲಾಖೆಯ ಹೊಸ ನಿಯಮ ನೋಡಿಕೊಳ್ಳಿ. ಹೆಂಡತಿಗೆಂದು ಕೊಂಡರೂ ಗಂಡನ ಚೀಲದಲ್ಲಿದ್ದರೆ ಲೆಕ್ಕ ಗಂಡನದು. ಬಿಸ್ಕತ್ತು, ನಾಣ್ಯಗಳಿಗೆ ಈ ರಿಯಾಯಿತಿ ಇಲ್ಲ.

ಅಳಿಯನಿಗೂ ಏನಾದರೂ ಕೊಡೋಣವೆಂದರೆ ಬೆಳ್ಳಿಯುಂಗುರ ಕೊಡಿ. ಇಸ್ಲಾಮಿನಲ್ಲಿ ಚಿನ್ನ ಹೆಂಗಸರಿಗೆ ಸಲ್ಲುತ್ತದೆ, ಗಂಡಸರಿಗೆ ಸಲ್ಲದು.

ಪ್ರವಾದಿಯವರ ಸಂಗಡಿಗರಾದ ನುಅಮಾನ್ ಬಿನ್ ಬಶೀರ್ ಅವರ ತಂದೆ ಒಬ್ಬ ಮಗನಿಗೆ ಮಾತ್ರ ಉಡುಗೊರೆ ಕೊಟ್ಟು, ಅದಕ್ಕೆ ಪ್ರವಾದಿಯವರನ್ನು ಸಾಕ್ಷಿಯಾಗಿಸಲು ಹೋದರು. ಎಲ್ಲ ಮಕ್ಕಳಿಗೂ ಹೀಗೆಯೇ ಕೊಟ್ಟಿದ್ದೀಯಾ ಎಂದು ಪ್ರವಾದಿ ಕೇಳಿದರು. ಇಲ್ಲವೆಂದಾಗ ಸಾಕ್ಷಿಯಾಗಲು ಒಪ್ಪಲಿಲ್ಲ. ಎರಡು ಹೆಣ್ಣುಮಕ್ಕಳಿರುವ ಮನೆಯಲ್ಲಿ ಒಬ್ಬಳಿಗೆ ಚಿನ್ನ, ಇನ್ನೊಬ್ಬಳಿಗೆ ‘ಮುಂದಿನ ಈದ್‌ಗೆ ನೋಡೋಣ’ ಎನ್ನುವ ಮುನ್ನ ಇದನ್ನು ಓದಬೇಕು. ಇಬ್ಬರಿಗೂ ಬೆಳ್ಳಿ ಕೊಡುವುದು ಎಷ್ಟೋ ಮೇಲು.

ನೀವು ಕೊಟ್ಟ ಒಡವೆಯ ಝಕಾತ್ ಯಾರ ಪಾಲಿಗೆ ಬರುತ್ತದೆ? ಒಡತಿಯ ಪಾಲಿಗೆ. ಚಿನ್ನಕ್ಕೆ ನಿಸಾಬ್ (ಝಕಾತ್ ಕಡ್ಡಾಯವಾಗುವ ಕನಿಷ್ಠ ತೂಕ) ಏಳೂವರೆ ತೊಲ, ಅಂದರೆ ಹಳೆಯ ತೊಲದಲ್ಲಿ 87.48 ಗ್ರಾಂ. 85 ಗ್ರಾಂ ಎಂದು ಲೆಕ್ಕ ಹಿಡಿಯುವವರೂ ಇದ್ದಾರೆ. ಅಷ್ಟಿದ್ದು ಚಾಂದ್ರಮಾನದ ಒಂದು ವರ್ಷ ತುಂಬಿದರೆ ಶೇಕಡಾ 2.5. ಹನಫಿಗಳಲ್ಲಿ ತೊಡುವ ಒಡವೆಗೂ ಝಕಾತ್ ಉಂಟು. ಶಾಫಿಗಳಲ್ಲಿ ತೊಡುವ ಒಡವೆಗೆ ಸಾಮಾನ್ಯವಾಗಿ ಇಲ್ಲ. ಹಾಗಾಗಿ ಹನಫಿಗಳು ಹೆಚ್ಚಿರುವ ಕಲಬುರಗಿಯ ಸೊಸೆಗೂ ಶಾಫಿಗಳು ಹೆಚ್ಚಿರುವ ಭಟ್ಕಳದ ಸೊಸೆಗೂ ಒಂದೇ ತೂಕದ ಸರದ ಮೇಲೆ ಲೆಕ್ಕ ಬೇರೆಯಾಗಬಹುದು. ಸ್ವಂತ ಸಂಪಾದನೆ ಇಲ್ಲದ ಹೆಣ್ಣುಮಗಳಿಗೆ ದೊಡ್ಡ ಒಡವೆ ಕೊಡುವವರು, ಆಕೆ ಒಪ್ಪಿದರೆ ಅದರ ಝಕಾತನ್ನೂ ತಾವೇ ಕೊಡುವ ಮಾತಾಡಿಕೊಂಡರೆ ಉಡುಗೊರೆ ಹೊರೆಯಾಗುವುದಿಲ್ಲ.

2000ನೇ ಇಸವಿಯಲ್ಲಿ ಈದುಲ್ ಫಿತ್ರ್ ಎರಡು ಸಲ ಬಂದಿತ್ತು, ಜನವರಿಯಲ್ಲೊಮ್ಮೆ, ಡಿಸೆಂಬರಿನಲ್ಲೊಮ್ಮೆ. 2033ರಲ್ಲೂ ಹಾಗೇ ಬರಲಿದೆ. ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನ, ಆದ್ದರಿಂದ ಹಬ್ಬ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಚಿನ್ನದಂಗಡಿಯ ಚೀಟಿ ಕಟ್ಟುವವರಿಗೆ ಇದು ಬಹಳ ಮುಖ್ಯ. ಈ ಸ್ಕೀಮುಗಳು ಸಾಮಾನ್ಯವಾಗಿ ಹನ್ನೊಂದು ತಿಂಗಳಿನವು, ಏಕೆಂದರೆ ಮುಂಗಡ ಹಣಕ್ಕೆ 365 ದಿನಗಳೊಳಗೆ ಸರಕು ಕೊಡದಿದ್ದರೆ ಕಂಪನಿ ಕಾನೂನಿನಲ್ಲಿ ಅದು ಠೇವಣಿಯಾಗುತ್ತದೆ. ಹನ್ನೊಂದು ತಿಂಗಳೆಂದರೆ ಸುಮಾರು 335 ದಿನ. 354ರಲ್ಲಿ 335 ಕಳೆದರೆ ಉಳಿಯುವುದು 19. ಸ್ಕೀಮಿನಲ್ಲಿ ಸಿಗುವ ಬೋನಸ್ಸು ಸರಿಯೇ ಎಂದು ನಿಮ್ಮ ಉಲೇಮಾರನ್ನು ಕೇಳಿ, ಸರಿಯೆಂದರೆ ಹಬ್ಬ ಮುಗಿದ ಎರಡೂವರೆ ವಾರದೊಳಗೆ ಮೊದಲ ಕಂತು ಕಟ್ಟಿ. ತಡವಾದರೆ ಚೀಟಿ ಮುಗಿಯುವಷ್ಟರಲ್ಲಿ ಮುಂದಿನ ಈದ್ ದಾಟಿರುತ್ತದೆ.